ಕಟ್ಟಳೆಯ ಮೊದಲ ಸಾಲು

ಮೊಳಕಾಲ್ಮುರು, ೧೯೧೩

ಅಪ್ಪಾ,

ನೀನು ತೀರಿಕೊಂಡ ಮೇಲೆ ನೇಕಾರರ ಸಂಘದ ಕಟ್ಟಳೆ ಪುಸ್ತಕ ನನ್ನ ಬಳಿಯೇ ಇದೆ. ಮೊನ್ನೆ ಕೊಲ್ಲಾಪುರಮ್ಮ ರೇಷ್ಮೆ ನೂಲು ಕೇಳಲು ಸಭೆಗೆ ಬಂದಳು. ಗಂಡ ಸತ್ತ ಮೇಲೆ ಮಗ್ಗದಲ್ಲಿ ಅವಳೇ ಕೂರುತ್ತಿದ್ದಳು.

"ಐದನೇ ಕಟ್ಟಳೆ ಓದೋ," ಎಂದರು ಸಂಘದ ಯಜಮಾನ ಯರ್ರಪ್ಪನವರು.

ಸಂಘ ಕೊಡುವ ನೂಲು ಮನೆಯ ಗಂಡಸಿಗೆ ಮಾತ್ರ ಎಂದು ಓದಿದೆ.

"ನಿಮ್ಮಪ್ಪ ಬರೆಸಿದ್ನಲ್ಲ ಮೊದಲ್ನೇ ಸಾಲು, ಅದನ್ನೂ ಓದಪ್ಪ," ಎಂದಳು ಅವಳು.

"ಅದು ಬರೀ ಪೀಠಿಕೆ ಕಣಮ್ಮ. ಅದ್ರಲ್ಲಿ ನೂಲಿನ ಮಾತು ಎಲ್ಲೈತೆ?" ಯರ್ರಪ್ಪನವರು ನಕ್ಕರು.

'ಮಗ್ಗವಿರುವ ಯಾರೂ ಹಸಿದಿರಬಾರದೆಂದು ನಾವೆಲ್ಲ ಸೇರಿ ಈ ಕಟ್ಟಳೆ ಮಾಡಿಕೊಂಡೆವು.' ಮಿಕ್ಕ ಕಟ್ಟಳೆಗಳೆಲ್ಲ ಈ ಸಾಲಿಗಾಗಿಯೇ ಇವೆ ಎಂದು ನೀನು ಹೇಳುತ್ತಿದ್ದೆ. ಅದು ನನಗೆ ಬಾಯಿಪಾಠ. ಆದರೂ ಅದನ್ನು ಓದದೆ ಪುಸ್ತಕ ಮುಚ್ಚಿದೆ; ಅವಳಿಗೆ ನೂಲು ಸಿಗಲಿಲ್ಲ.

ಇಂದು ನೋಡಿದರೆ ಕೊಲ್ಲಾಪುರಮ್ಮ, ಕಾಲಿಳಿಸಿ ಕೂತು ನೇಯುತ್ತಿದ್ದ ಮಗ್ಗದ ಗುಂಡಿಗೆ ತಾನೇ ಮಣ್ಣು ತುಂಬುತ್ತಿದ್ದಳು. ನಾನು ಬೇರೆ ಬೀದಿ ಹಿಡಿದು ಮನೆಗೆ ಬಂದೆ.