ಯಾರೂ ಹೇಳದ ಕೆಲಸ

ಕಂಪ್ಲಿ,
೬-೯-೧೯೯೩

ಊರಮ್ಮನ ಅಪ್ಪನವರಿಗೆ ಯಮನಮ್ಮನ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಯಶವಂತನಗರದಲ್ಲಿ ನೀವೂ ಮಗಳೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀವು ಹೇಳಿ ಊರಮ್ಮ ಬರೆದ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತು, ಸಿಟ್ಟಾಗಬೇಡಿ. ನಿಮ್ಮ ಅಣ್ಣ ಅವಳಿಗೆ ಗಂಡು ನೋಡಿದ್ದಾರೆ, ಬೇಸಿಗೆಗೆ ಮದುವೆ ಅಂತ ಬರೆಸಿದ್ದೀರಿ. ಅವಳ ಮದುವೆಯ ಮಾತನ್ನು ಅವಳ ಕೈಯಿಂದಲೇ ಬರೆಸಲು ನಿಮಗೆ ಹೇಗೆ ಮನಸ್ಸು ಬಂತೋ. ಅದಕ್ಕೆ ಆಮೇಲೆ ಬರುತ್ತೇನೆ. ಕಳೆದ ಸಲ ನನ್ನನ್ನು ನೋಡಲು ಬಂದಾಗ ನೀವು ಅವಳಿಗೆ ಹಾಕಿದ್ದ ಜಡೆ ಅದಿರಿನ ಲಾರಿಗೆ ಹಗ್ಗ ಬಿಗಿದ ಹಾಗಿತ್ತು. ಸ್ವಲ್ಪ ಸಡಿಲ ಹಾಕಿ, ಪಾಪ.

ಮೊದಲು ಹೊಲದ ಸುದ್ದಿ. ಚೋರನೂರಿನಲ್ಲಿ ಸರ್ಕಾರ ಕೊಟ್ಟ ಎರಡು ಎಕರೆಯನ್ನು ನಾವೇ ಮಾಡಬೇಕು ಅಂತ ತಾನೇ ಮಹಿಳಾ ಸಂಘದವರು ನನ್ನನ್ನು ಒಂದು ವರ್ಷ ಇಲ್ಲಿ ಚೆನ್ನಬಸಮ್ಮನವರ ಹೊಲದಲ್ಲಿ ಕಲಿಯಲು ಬಿಟ್ಟಿರುವುದು. ಸುತ್ತಲಿನ ಕಾಲುವೆ ಗದ್ದೆಗಳಲ್ಲಿ ಎಲ್ಲರೂ ಸರ್ಕಾರಿ ಗೊಬ್ಬರ ಸುರಿದು ಹುಳದ ಎಣ್ಣೆ ಹೊಡೆಯುತ್ತಾರೆ. ಈಯಮ್ಮ ಮಾತ್ರ ತಿಪ್ಪೆ ಗೊಬ್ಬರ, ಬೇವಿನ ಬೀಜ ಅರೆದ ನೀರು ಅಂತ ಹಟ ಹಿಡಿದಿದ್ದಾರೆ. ಜನ ನಗುತ್ತಾರೆ. ಇವರು ಅವರಿಗಿಂತ ಜೋರಾಗಿ ನಗುತ್ತಾರೆ.

ಬಂದ ಹೊಸದರಲ್ಲಿ ನನಗೆ ಒಳಗೊಳಗೇ ಬಿಂಕ. ಲಂಗ ಉಡುವ ವಯಸ್ಸಿನಿಂದ ಕೂಲಿಗೆ ಹೋದವಳು. ನಾಟಿ, ಕಳೆ, ಕೊಯ್ಲು, ಯಾವುದು ಬರುವುದಿಲ್ಲ? ಆಳು ಮಾಡಿದ್ದು ಹಾಳು ಅಂತ ಗಾದೆ ಕಟ್ಟಿದವನು ನನ್ನ ಕೈ ನೋಡಿರಲಿಕ್ಕಿಲ್ಲ. ಕಾಲುವೆ ನೀರು ಹತ್ತದ ಮೇಲಿನ ಹೊಲದಲ್ಲಿ ಅಮ್ಮನವರು ಒಂದು ತುಂಡು ನನಗೇ ಬಿಟ್ಟುಕೊಟ್ಟು, ಇದೇ ನಿನ್ನ ಚೋರನೂರು ಅಂತ ತಿಳಿ ಅಂದರು. ನವಣೆ ಬಿತ್ತಿದೆ, ಚೆನ್ನಾಗಿ ಹುಟ್ಟಿತು. ಆಮೇಲೆ ದಿನಾ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಅವರ ಅಂಗಳದಲ್ಲಿ ನಿಂತು, ಇವತ್ತೇನು ಕೆಲಸ ಅಂತ ಕೇಳುತ್ತಿದ್ದೆ. ಅವರು ತಮ್ಮ ಹೊಲದ ಕೆಲಸ ಹೇಳುತ್ತಿದ್ದರು. ಅವರ ಮೆಣಸಿನಕಾಯಿ ಸಾಲುಗಳಲ್ಲಿ ಒಂದು ಕಳೆ ಉಳಿಸಲಿಲ್ಲ ನಾನು. ಬದುವಿನ ಆಚೆ ನನ್ನ ನವಣೆ ಕಳೆಯೊಳಗೆ ಮುಚ್ಚಿಹೋಗುತ್ತಿತ್ತು. ಕಣ್ಣಿಗೆ ಕಾಣುತ್ತಿತ್ತು. ಆದರೂ ಇವತ್ತು ಅಲ್ಲಿಗೆ ಹೋಗು ಅಂತ ಯಾರಾದರೂ ಹೇಳಲಿ ಅಂತ ಕಾದೆ. ಹುಚ್ಚಿ ಅನ್ನಿ.

ಪೈರು ಕೈಬಿಟ್ಟ ಮೇಲೆ ಅಮ್ಮನವರ ಮೇಲೆ ಹರಿಹಾಯ್ದೆ. ಕಲಿಸುತ್ತೇನೆ ಅಂತ ಕರೆಸಿಕೊಂಡು ಒಂದು ಮಾತೂ ಹೇಳಲಿಲ್ಲವಲ್ಲ ಅಂದೆ. ಅವರು ನನ್ನ ಕೈ ಹಿಡಿದುಕೊಂಡರು.

“ಕಳೆ ತೆಗಿಯೋದು ನಿನಗ ನಾ ಏನ್ ಕಲಿಸ್ಲಿ, ಯಮನವ್ವ? ಈ ಕೈಗೆ ಎಲ್ಲಾ ಬರ್ತೈತಿ. ಯಾವಾಗ ಅನ್ನೋದೊಂದ ಬರಂಗಿಲ್ಲ. ಅದನ್ನ ನಿನಗ ಯಾರೂ ಬಿಟ್ಟ ಕೊಟ್ಟಿಲ್ಲ.”

ಆ ದಿನ ನನಗೆ ಊಟ ಸೇರಲಿಲ್ಲ. ನಿಜ ಹೇಳುತ್ತೇನೆ, ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮಘೆ ಮಳೆ ಬಿದ್ದಾಗ ಅದೇ ತುಂಡನ್ನು ಹರಗಿ ಹುರುಳಿ ಬಿತ್ತುತ್ತೇನೆ ಅಂದೆ. ಕೇಳಲಿಲ್ಲ, ಹೇಳಿದೆ. ಮುಂದಿನ ಹುಬ್ಬೆ ಮಳೆಯ ತನಕ ತಡೆದರೆ ಒಳ್ಳೆಯದು ಅಂದರು ಅಮ್ಮನವರು. ತಡೆಯಲಿಲ್ಲ. ಎಷ್ಟೋ ಜನರ ಹೊಲದಲ್ಲಿ ಬಿತ್ತಿದ ಕೈ, ಅವತ್ತು ನನ್ನ ಮಾತು ಕೇಳಿ ಬಿತ್ತಿತು. ಕೆಳಗಿನ ಮೂಲೆಯಲ್ಲಿ ನೀರು ನಿಂತು ಬೀಜ ಕೊಳೆತಿದೆ. ಅದು ನನ್ನ ಅವಸರದ ಫಲ. ಉಳಿದದ್ದೆಲ್ಲ ಎಲೆ ಬಿಟ್ಟು ನಿಂತಿದೆ. ನಿನ್ನೆ ಬೆಳಗ್ಗೆ ಅಂಗಳಕ್ಕೆ ಹೋಗದೆ ನೇರ ಅಲ್ಲಿಗೇ ಹೋಗಿ ಕಳೆ ತೆಗೆದೆ. ಅಮ್ಮನವರು ಮಧ್ಯಾಹ್ನ ಒಂದು ಚೊಂಬು ಮಜ್ಜಿಗೆ ಕಳಿಸಿದರು. ಅಷ್ಟು ರುಚಿಯ ಮಜ್ಜಿಗೆ ನಾನು ಕುಡಿದಿಲ್ಲ.

ಬರುವ ಮುಂಗಾರಿಗೆ ಚೋರನೂರಿನಲ್ಲಿ ನಾವೇ ಬಿತ್ತೋಣ. ನೀವು ಗಣಿ ಕೆಲಸ ಈಗಲೇ ಬಿಡಬೇಡಿ, ಒಂದು ಬೆಳೆ ನಾನು ಮಾಡಿ ತೋರಿಸುತ್ತೇನೆ. ಬೀಡಿ ಕಡಿಮೆ ಮಾಡಿ, ನಿಮ್ಮ ಎದೆಗೆ ಅದಿರಿನ ಧೂಳೇ ಸಾಕು. ಊರಮ್ಮನಿಗೆ ನನ್ನ ಮುತ್ತು, ಆಶೀರ್ವಾದ. ಉಚ್ಚೆಂಗೆಮ್ಮ ನಿಮ್ಮಿಬ್ಬರನ್ನೂ ತಣ್ಣಗಿಡಲಿ.

ಇಂತಿ ನಿಮ್ಮ
ಯಮನಮ್ಮ

ತಾ.ಕ.: ದೊಡ್ಡವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನು ಎತ್ತುತ್ತೇನೆ. ಕರೆಮ್ಮ ಏಳನೇ ಕ್ಲಾಸಿನಲ್ಲಿದ್ದಾಗ ನೀವೂ ನಿಮ್ಮ ಅಣ್ಣನೂ ಮಾತು ಕೊಟ್ಟು ಬಂದು, ನನಗೆ ಚಹಾ ಕಾಸು ಅಂದಿರಿ. ಕಾಸಿದೆ. ತನ್ನ ಹದಿನೈದಕ್ಕೆ ಮೊದಲ ಹೆರಿಗೆಯಲ್ಲೇ ನನ್ನ ಆ ಕೂಸು ತೀರಿಹೋಯಿತು. ಈ ಸಲವಾದರೂ ನನ್ನನ್ನು ಒಂದು ಮಾತು ಕೇಳಿ ಅಂತ ಬರೆಯಲು ಎಷ್ಟು ಸಲ ಕೂತೆನೋ. ನೀವು ಕೇಳುವ ತನಕ ನಾನು ಯಾಕೆ ಕಾಯಲಿ? ಈ ಮದುವೆ ಬೇಡ. ಊರಮ್ಮ ಏಳು ಮುಗಿಸಿ ಎಂಟನೇ ಕ್ಲಾಸಿಗೆ ಹೋಗುತ್ತಾಳೆ. ನಿಮ್ಮ ಅಣ್ಣನಿಗೆ ಹೇಳಲು ನಿಮಗೆ ಸಂಕೋಚವಾದರೆ ಬಿಡಿ, ಭಾನುವಾರ ಬಂದು ನಾನೇ ಹೇಳುತ್ತೇನೆ.