ಎಡಗಡೆಯ ಹೊಡೆತಗಳು

ಐಸ್ ಹಾಕಿ ಕ್ರೀಡಾಂಗಣ, ಮೇಲಿನ ಕೋಣೆ
ಜನವರಿ ೧೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಚಿಕ್ಕಮ್ಮ ಕೋಲು ಬಿಟ್ಟು ನಡೆಯುತ್ತಿದ್ದಾಳಾ, ಇಲ್ಲ ಮೂಳೆ ಕೂಡಿದ ಮೇಲೂ ನಿನ್ನಿಂದ ಸೇವೆ ಮಾಡಿಸಿಕೊಳ್ಳುತ್ತಿದ್ದಾಳಾ? ಅವಳನ್ನು ನೋಡಿಕೊಳ್ಳಲು ಹೋಗಿ ನೀನೇ ಹಾಸಿಗೆ ಹಿಡಿಯಬೇಡ. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಇದು ಸುಳ್ಳು. ನಾಲ್ಕು ದಿನದಿಂದ ಬರೀ ಟೀ, ಬಿಸ್ಕತ್ತು. ಫೋನ್ ಮಾಡಬಹುದಿತ್ತು, ಆದರೆ ಬಾಯಿ ತೆರೆದರೆ ಮಾತಿಗಿಂತ ಮೊದಲು ಅಳು ಬರುತ್ತದೆ. ಅದಕ್ಕೇ ಈ ಕಾಗದ.

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನೀನು "ಅವ್ಳು ಗೋಲು ಎಣಿಸ್ತಾಳೆ" ಅನ್ನುತ್ತೀಯಲ್ಲ, ಗೋಲು ಎಣಿಸಲು ಯಾರಿಗೆ ಬರುವುದಿಲ್ಲ ಹೇಳು? ನಾನು ಎಣಿಸುವುದು ಗೋಲಿನತ್ತ ಹೊಡೆದ ಹೊಡೆತಗಳನ್ನು. ಒಬ್ಬ ಆಟಗಾರ ಐಸ್ ಮೇಲಿದ್ದಷ್ಟು ಹೊತ್ತು ನಮ್ಮವರು ಎಷ್ಟು ಹೊಡೆದರು, ಎದುರಾಳಿಗಳು ಎಷ್ಟು ಹೊಡೆದರು, ಯಾವ ಜಾಗದಿಂದ ಹೊಡೆದರು, ಆ ಜಾಗದ ಹೊಡೆತ ನೂರಕ್ಕೆ ಎಷ್ಟು ಸಲ ಗೋಲಾಗುತ್ತದೆ, ಇಷ್ಟು. ಗೋಲು ಅದೃಷ್ಟದಿಂದಲೂ ಬೀಳುತ್ತದೆ, ಹೊಡೆತಗಳ ಲೆಕ್ಕ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವಳು ನಾನು.

ನಿನ್ನ ಮಗರಾಯ, ತಂಡದವರ ಬಾಯಲ್ಲಿ 'ಬಂಡೆ', ಹೋದ ತಿಂಗಳು ಅಂಕಣದ ಸುತ್ತಲಿನ ಹಲಗೆಗೆ ತಲೆ ಬಡಿಸಿಕೊಂಡದ್ದು ನಿನಗೆ ಗೊತ್ತು. "ಏನೂ ಆಗಿಲ್ಲ ಡಾಕ್ಟ್ರೇ" ಎಂದು ನಕ್ಕು ಎದ್ದು ಹೋದ. ಆಮೇಲೆ ಅವನು ರಕ್ಷಣಾ ಆಟಗಾರನಾಗಿ ಐಸ್‌ಗೆ ಇಳಿದಾಗಲೆಲ್ಲ ನಮಗೆ ಗೋಲು ಬೀಳತೊಡಗಿತು. ತರಬೇತುದಾರರು ಅವನನ್ನು ಆಟದಿಂದ ಹೊರಗೆ ಕೂರಿಸುತ್ತೇನೆಂದರು. ನಾನು ಲೆಕ್ಕದ ಹಾಳೆ ಹಿಡಿದು ಓಡಿದೆ. ನೋಡಿ ಸಾರ್, ಎದುರಾಳಿಗಳ ಒಟ್ಟು ಹೊಡೆತ ಮೊದಲಿನಷ್ಟೇ ಇದೆ, ಇದು ಬರೀ ದುರದೃಷ್ಟ, ತಾನಾಗಿ ಸರಿಹೋಗುತ್ತದೆ ಎಂದೆ. ಮೂರು ಸಲ ಹೀಗೆ ಅವನನ್ನು ಉಳಿಸಿದೆ.

ಗುರುವಾರ ಅದೇ ಹೊಡೆತಗಳನ್ನು ಎಡ, ಬಲ ಎಂದು ಬೇರೆ ಮಾಡಿದೆ. ಅವನ ಬಲಗಡೆಯಿಂದ ಬರುವುದು ಅರ್ಧಕ್ಕಿಳಿದಿದೆ. ಎಡಗಡೆಯದು ಅಷ್ಟೇ ಏರಿದೆ, ಅದೂ ಗೋಲಿನ ಹತ್ತಿರದಿಂದ. ಕೂಡಿದರೆ ಒಟ್ಟು ಅಷ್ಟೇ! ಆ ಒಟ್ಟನ್ನು ನಾನು ನಂಬಿಬಿಟ್ಟಿದ್ದೆ. ವಿಡಿಯೋ ಹಾಕಿ ನೋಡಿದರೆ, ಎಡಗಡೆಯಿಂದ ಆಳು ಮೈಮೇಲೆ ಬರುವವರೆಗೂ ಅವನು ತಿರುಗುವುದೇ ಇಲ್ಲ. ಹೋದ ವಾರ ಟೀ ಲೋಟವನ್ನು ಅವನ ಎಡಗಡೆ ಇಟ್ಟಿದ್ದೆ. "ಟೀ ಕೊಡಲ್ವಾ ಅಕ್ಕಾ?" ಎಂದ. ತಮಾಷೆ ಮಾಡುತ್ತಿದ್ದಾನೆಂದು ತಲೆಗೆ ಮೊಟಕಿದೆ. ಅದೇ ತಲೆಗೆ, ಅಮ್ಮಾ.

ಎಡಗಡೆ ಕಾಣುತ್ತಿಲ್ಲವಾ ಎಂದು ಕೇಳಿದರೆ, "ನನ್ ಕಣ್ಣು ಸರಿಯಾಗೇ ಇದೆ, ನಿನ್ ಕಂಪ್ಯೂಟರನ್ನ ಡಾಕ್ಟರಿಗೆ ತೋರಿಸ್ಕೊಂಡ್ ಬಾ" ಅನ್ನುತ್ತಾನೆ.

ನನಗೆ ನಿಜವಾದ ಭಯ ಯಾವುದೆಂದರೆ, ಎದುರಾಳಿ ತಂಡಗಳಲ್ಲೂ ನನ್ನಂಥವರು ಕೂತಿರುತ್ತಾರೆ. ಬಲಗಡೆ ಬಿಟ್ಟು ಎಡಗಡೆಯಿಂದಲೇ ನುಗ್ಗುವುದು ಸುಮ್ಮನೆ ಆಗುತ್ತಾ? ಕಾರಣ ಗೊತ್ತಿರಲಿಕ್ಕಿಲ್ಲ, ಜಾಗ ಅವರಿಗೆ ನನಗಿಂತ ಮೊದಲೇ ಗೊತ್ತಾಗಿದೆ. ಈ ಆಟದಲ್ಲಿ ಮೈಗೆ ಮೈ ಗುದ್ದುವುದು ತಪ್ಪಲ್ಲ. ಬರುವುದು ಕಂಡರೆ ಮೈ ಬಿಗಿಹಿಡಿಯಬಹುದು. ಕಾಣದಿದ್ದರೆ? ಭಾನುವಾರ ಮತ್ತೆ ಪಂದ್ಯವಿದೆ. ಹೊಸ ಹಾಳೆ ಕೊಟ್ಟರೆ ಏಳನೇ ವಯಸ್ಸಿನಿಂದ ಬೆವರು ಸುರಿಸಿ ಪಡೆದ ಜಾಗ ಅವನ ಕೈತಪ್ಪುತ್ತದೆ. ಕೊಡದಿದ್ದರೆ ಏನಾಗಬಹುದೆಂದು ಬರೆಯಲು ಕೈ ಬರುತ್ತಿಲ್ಲ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ಈ ಸಲ ಅವನ ಪಾಲಿಗೆ ಸ್ವಲ್ಪ ಹೆಚ್ಚಿರಲಿ.

ನಿನ್ನ,
ಗೋಲು ಎಣಿಸದ ಮಗಳು

ತಾ.ಕ.: ಹಾಳೆ ಕೊಟ್ಟು ಬಂದೆ. ಕಣ್ಣಿನ ವೈದ್ಯರಿಗೆ ತೋರಿಸುವವರೆಗೂ ಐಸ್ ಮುಟ್ಟುವಂತಿಲ್ಲ ಎಂದು ತರಬೇತುದಾರರು ಹೇಳಿದ್ದಾರೆ. ಅವನು ತೋರಿಸಿಕೊಳ್ಳುವುದಿಲ್ಲವಂತೆ. ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಶನಿವಾರ ಬೆಳಗಿನ ರೈಲಿಗೆ ನಿನ್ನ ಹತ್ತಿರ ಬರುತ್ತಾನೆ. ಅವನು ಇಳಿದಾಗ ಅವನ ಎಡಗಡೆ ನಿಂತುಕೋ, ಕೂಗಬೇಡ. ನಿನ್ನನ್ನು ನೋಡಿ ಬಂದರೆ ಈ ಕಾಗದ ಹರಿದುಹಾಕಿ ನನ್ನನ್ನು ಬಾಯಿಗೆ ಬಂದಂತೆ ಬೈಯಿ. ನೋಡದೆ ದಾಟಿಹೋದರೆ ನೇರ ವೈದ್ಯರ ಹತ್ತಿರ ಕರೆದುಕೊಂಡು ಹೋಗು, ನೀನು ಹೇಳಿದರೆ ಕೇಳುತ್ತಾನೆ. ಆದರೆ ಮೊದಲು ಹೆಸರು ಹಿಡಿದು ಕರೆ, ಆಮೇಲೆ ಕೈ ಹಿಡಿ. ಎಡಗಡೆಯಿಂದ ಸುಮ್ಮನೆ ಮುಟ್ಟಿದರೆ ಈಗ ಬೆಚ್ಚಿಬೀಳುತ್ತಾನೆ.