ಕಿಟಕಿಯ ಕಡೆ ತಿರುಗಲು ಅನುಮತಿ ಕೋರಿ

ಮಾನ್ಯ ಶಿಕ್ಷಣ ನಿರ್ದೇಶಕರೇ,

ನಮ್ಮ ಒಂಬತ್ತನೇ ತರಗತಿಯ ಅತ್ಯಂತ ಏಕಾಗ್ರ ವಿದ್ಯಾರ್ಥಿಗೆಂದು ತಾವು ಕಳಿಸಿದ ಪ್ರಶಸ್ತಿಪತ್ರ ತಲುಪಿದೆ. ಧನ್ಯವಾದಗಳು. ವಿಜೇತರು ಪ್ಲಾಸ್ಟಿಕ್ಕಿನವರು. ಅದೇ ಲಕೋಟೆಯಲ್ಲಿ, ಅತ್ಯಂತ ಗಮನವಿಲ್ಲದ ಹುಡುಗಿಯನ್ನು ಬರುವ ತಿಂಗಳಿಂದ ‘ಗಮನ ಸುಧಾರಣಾ ವಿಭಾಗ’ಕ್ಕೆ ಕಳಿಸಬೇಕೆಂಬ ಆದೇಶವೂ ಇತ್ತು. ನನ್ನ ವಿಜ್ಞಾನದ ಪಾಠವನ್ನು ಮನಸ್ಸಿಟ್ಟು ಕೇಳುವವಳು ಅವಳೊಬ್ಬಳೇ. ಎಲ್ಲೋ ಅದಲುಬದಲಾಗಿರಬೇಕು ಎಂದುಕೊಂಡು ವಿಚಾರಿಸಿದೆ. ಏನೂ ಆಗಿಲ್ಲ, ಎಲ್ಲ ಸರಿಯಾಗಿದೆ ಎಂದು ತಮ್ಮ ಕಚೇರಿ ಖಚಿತಪಡಿಸಿತು. ಆದ್ದರಿಂದ ಈ ಬಹಿರಂಗ ಪತ್ರವನ್ನು ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬೋರ್ಡಿನ ನೆತ್ತಿಯ ಮೇಲೆ ಇಲಾಖೆಯವರು ಒಂದು ಕ್ಯಾಮೆರಾ ಕೂಡಿಸಿದ್ದಾರೆ. ಮಗುವಿನ ಮುಖ ಬೋರ್ಡಿನ ಕಡೆ ಇದ್ದರೆ ಪಕ್ಕದ ಪರದೆಯಲ್ಲಿ ಅದರ ಹೆಸರಿನ ಮುಂದೆ ಹಸಿರು ಚುಕ್ಕೆ. ಮುಖ ಅತ್ತಿತ್ತ ಹೊರಳಿದರೆ ಕೆಂಪು. ಹೊಸ ತಂತ್ರಜ್ಞಾನದ ನೆರವಿನಿಂದ ಮಕ್ಕಳನ್ನು ಪಾಠದಲ್ಲಿ ತೊಡಗಿಸುವ ಯೋಜನೆ ಇದು ಎಂದು ಸುತ್ತೋಲೆ ಹೇಳುತ್ತದೆ. ನಮ್ಮ ಗಣಿತದ ಮೇಡಂ ಈ ಯಂತ್ರಕ್ಕೆ ‘ಅತ್ತೆ’ ಎಂದು ಹೆಸರಿಟ್ಟಿದ್ದಾರೆ. “ಒಂದು ಕಡ್ಡಿ ಎತ್ತಿ ಆ ಕಡೆ ಇಡಲ್ಲ. ಕೂತಲ್ಲೇ ನೋಡ್ತಾಳೆ, ಸಂಜೆಗೆ ಚಾಡಿ ಹೇಳ್ತಾಳೆ,” ಎಂಬುದು ಅವರ ವಿವರಣೆ.

ಅತ್ತೆ ಬಂದ ಮೇಲೆ ನನ್ನ ತರಗತಿ ಬಹಳ ಶಿಸ್ತಾಗಿದೆ. ಯಾರೂ ನೋಟ್ಸ್ ಬರೆಯುವುದಿಲ್ಲ. ಏಕೆ ಎಂದು ಮುಂದಿನ ಬೆಂಚಿನವನನ್ನು ಕೇಳಿದೆ. “ಬರೆದ್ರೆ ತಲೆ ಬಗ್ಗುತ್ತೆ ಸಾರ್, ಬಗ್ಗಿದ್ರೆ ಕೆಂಪಾಗುತ್ತೆ,” ಎಂದ, ಬೋರ್ಡಿನಿಂದ ಕಣ್ಣು ಕೀಳದೆ. ಹಿಂದಿನ ಬೆಂಚಿನಿಂದ ಯಾರಾದರೂ ಪ್ರಶ್ನೆ ಕೇಳಿದರೆ ಉಳಿದವರು ತಿರುಗಿ ನೋಡುವುದಿಲ್ಲ. ಹಾಗಾಗಿ ಪ್ರಶ್ನೆ ಕೇಳುವುದೂ ನಿಂತಿತು. ಎಲ್ಲರೂ ಕಣ್ಣುಬಾಯಿ ಬಿಟ್ಟುಕೊಂಡು ನನ್ನ ತಲೆಯ ಮೇಲುಗಡೆ ಎಲ್ಲೋ ನೋಡುತ್ತಾ ಕೂತಿರುತ್ತಾರೆ. ನಾನು ಹೊರಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆ ಹಸಿರಾಗಿಯೇ ಇರುತ್ತದೆ. ಇದನ್ನು ಊಹೆಯಿಂದ ಹೇಳುತ್ತಿಲ್ಲ, ಹೋಗಿ ಕುಡಿದು ಬಂದಿದ್ದೇನೆ.

ಸೀಮೆಸುಣ್ಣ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮೇಷ್ಟ್ರು ಎಂದು ನನ್ನನ್ನು ಬದಿಗೆ ತಳ್ಳಬೇಡಿ. ಸೂಕ್ಷ್ಮದರ್ಶಕಕ್ಕೆ ಫೋನಿನ ಕ್ಯಾಮೆರಾ ಜೋಡಿಸಿ, ಕೊಳದ ನೀರಿನ ಒಂದು ಹನಿಯನ್ನು ಪ್ರೊಜೆಕ್ಟರಿನಿಂದ ಪಕ್ಕದ ಗೋಡೆಯ ತುಂಬ ಮೂಡಿಸಿದವನು ನಾನೇ. ಅಂದು ಮಕ್ಕಳು ಬೆಂಚು ಬಿಟ್ಟೆದ್ದು ಗೋಡೆಗೆ ಮುತ್ತಿಕೊಂಡರು. “ಅಯ್ಯೋ, ಅದು ಇದನ್ನ ನುಂಗ್ತಿದೆ ಸಾರ್!” ಎಂದು ಕೂಗಿದರು. ಗಂಟೆ ಹೊಡೆದರೂ ಹೊರಗೆ ಹೋಗಲಿಲ್ಲ. ಅಂದು ಪರದೆ ಪೂರ್ತಿ ಕೆಂಪು. ‘ತರಗತಿಯಲ್ಲಿ ಶೂನ್ಯ ಗಮನ’ಕ್ಕೆ ಕಾರಣ ಕೇಳಿ ನನಗೆ ನೋಟಿಸು ಬಂತು. ಮಕ್ಕಳು ಪಾಠದಲ್ಲಿ ತೊಡಗಿದ್ದರು ಎಂದು ಉತ್ತರಿಸಿದ್ದೇನೆ. ತಮ್ಮಿಂದ ಮಾರುತ್ತರವಿಲ್ಲ.

ಈಗ ವಿಜೇತರ ವಿಚಾರ. ತರಗತಿಯ ಹಿಂದೆ ಮನುಷ್ಯ ದೇಹದ ಒಂದು ಮಾದರಿ ಇದೆ. ಸೊಂಟದಿಂದ ಮೇಲೆ ಮಾತ್ರ. ಹೊಟ್ಟೆಯ ಮುಚ್ಚಳ ತೆಗೆದರೆ ಯಕೃತ್ತು ಕೈಗೆ ಬರುತ್ತದೆ. ಮಕ್ಕಳು ಅದನ್ನು ‘ದೊಡ್ಡಪ್ಪ’ ಎನ್ನುತ್ತಾರೆ. ಕೊಳದ ನೀರಿನ ಪಾಠವಾದ ಮೇಲೆ ಒಂದು ದಿನ ಅತ್ತೆ ದೊಡ್ಡಪ್ಪನನ್ನು ಕಂಡಳು. ‘ದಾಖಲಾಗದ ವಿದ್ಯಾರ್ಥಿ ಪತ್ತೆ, ಕೂಡಲೇ ದಾಖಲಿಸಿ’ ಎಂದು ತಮ್ಮ ಕಚೇರಿಯಿಂದ ಸಂದೇಶ ಬಂತು. ನಮ್ಮ ಹೆಡ್‌ಮಾಸ್ಟರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಹಾಜರಿಯಲ್ಲಿ ಹೆಸರು ಸೇರಿಸಿಯೇಬಿಟ್ಟರು. ನಾನು ಆಕ್ಷೇಪಿಸಿದಾಗ, “ಮೇಲಿಂದ ಬಂದಿದ್ದಕ್ಕೆ ಏನಾದ್ರೂ ಉತ್ತರ ಕೊಡ್ಬೇಕಲ್ಲ ಮೇಷ್ಟ್ರೇ. ಇರ್ಲಿ ಬಿಡಿ, ಗಲಾಟೆ ಮಾಡೋ ಹುಡುಗ ಅಲ್ವಲ್ಲ,” ಎಂದರು. ದೊಡ್ಡಪ್ಪ ಒಂದು ದಿನವೂ ಕೆಂಪಾಗಲಿಲ್ಲ. ಪ್ರಶಸ್ತಿಪತ್ರವನ್ನು ಅವನ ಕೊರಳಿಗೇ ತೂಗುಹಾಕಿದ್ದೇವೆ.

ಆದರೆ ಆ ಹುಡುಗಿಯ ವಿಚಾರದಲ್ಲಿ ನನಗೆ ನಗು ಬರುತ್ತಿಲ್ಲ. ಚಿಕ್ಕವಳಿದ್ದಾಗ ಬಂದ ಜ್ವರದಲ್ಲಿ ಅವಳ ಎಡಗಿವಿ ಪೂರ್ತಿ ಹೋಯಿತು. ಯಾವ ಉಪಕರಣದಿಂದಲೂ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ಅವಳು ಮೊದಲ ಬೆಂಚಿನ ತುದಿಯಲ್ಲಿ ಕೂತು, ಎಡಗಡೆಯ ಕಿಟಕಿಗೆ ಮುಖ ಮಾಡಿ, ಬಲಗಿವಿಯನ್ನು ನನಗೆ ಕೊಡುತ್ತಾಳೆ. ಉಳಿದವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ. ಇವಳಿಗೆ ಆ ಸೌಲಭ್ಯವಿಲ್ಲ. ಒಳಗೆ ಹೋದದ್ದು ಒಳಗೇ ಉಳಿಯುತ್ತದೆ. ಹೃದಯದ ಪಾಠದ ದಿನ, ಕಿಟಕಿ ನೋಡುತ್ತಲೇ ಕೇಳಿದಳು: “ಸಾರ್, ಬಡಿತಕ್ಕೆ ಎರಡು ಸದ್ದು ಅಂದ್ರಲ್ಲ, ಎರಡೂ ಒಂದೇ ಥರ ಯಾಕಿಲ್ಲ?” ಎರಡು ಕಿವಿ ಇರುವ ಯಾರೂ ಇಷ್ಟು ವರ್ಷಗಳಲ್ಲಿ ನನ್ನನ್ನು ಇದನ್ನು ಕೇಳಿರಲಿಲ್ಲ.

ಅವಳ ತಾಯಿ ಹೊಲಿಗೆ ಕೆಲಸದವರು. ಆದೇಶ ತಿಳಿಸಲು ಕರೆಸಿದಾಗ ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. “ಸಾರ್, ಮನೇಲಿ ನಾನು ಬೈದ್ರೂ ಅವಳು ಗೋಡೆ ಕಡೆ ತಿರುಗ್ತಾಳೆ. ಸದ್ಯ, ಕೇಳಿಸ್ಕೋತಿದ್ದಾಳೆ ಅಂತ ಸಮಾಧಾನ ಆಗುತ್ತೆ. ನನ್ನ ಮುಖಾನೇ ನೋಡ್ತಾ ನಿಂತ್ಳು ಅಂದ್ರೆ ಮುಗೀತು, ಒಂದು ಮಾತೂ ಒಳಗೆ ಹೋಗ್ತಿಲ್ಲ ಅಂತ,” ಎಂದರು.

ತಮ್ಮ ಸಹಾಯವಾಣಿಗೆ ಇದನ್ನೆಲ್ಲ ಹೇಳಿದೆ. ಅಲ್ಲಿದ್ದ ಹೆಣ್ಣುಮಗಳು ಬಹಳ ತಾಳ್ಮೆಯಿಂದ, “ಸರ್, ಬೋರ್ಡ್ ಕಡೆ ತಿರುಗೋಕೆ ಅಭ್ಯಾಸ ಮಾಡ್ಸಿ,” ಎಂದಳು.

“ಆಗ ಅವಳಿಗೆ ಕೇಳಿಸಲ್ಲಮ್ಮ.”

“ಸರ್, ಯಂತ್ರಕ್ಕೆ ಕಣ್ಣು ಮಾತ್ರ ಕೊಟ್ಟಿದ್ದಾರೆ. ಕಿವಿ ವಿಚಾರ ನಮಗೆ ಬರಲ್ಲ.”

ಸುಧಾರಣಾ ವಿಭಾಗವನ್ನೂ ಹೋಗಿ ನೋಡಿಬಂದೆ. ಅಲ್ಲಿ ಮಕ್ಕಳು ಪರದೆಯ ಮೇಲೆ ಓಡಾಡುವ ಚುಕ್ಕೆಯನ್ನು ದಿಟ್ಟಿಸುತ್ತಾ ಕೂರುತ್ತಾರೆ. ವಿಜ್ಞಾನ ಇಲ್ಲ. ವರ್ಷ ಮುಗಿಯುವವರೆಗೆ ವಾಪಸು ಬರುವಂತೆಯೂ ಇಲ್ಲ. ಈ ಸುದ್ದಿ ಕೇಳಿ ತಾಯಿ ಮಗಳಿಗೆ ಕೈಮುಗಿದರಂತೆ: “ನಿನ್ನ ದಮ್ಮಯ್ಯ, ಬೋರ್ಡೇ ನೋಡು.”

ಸೋಮವಾರದಿಂದ ಅವಳು ಕಿಟಕಿಯ ಕಡೆ ತಿರುಗಿಲ್ಲ. ಅವಳ ಒಳ್ಳೆಯ ಕಿವಿ ಈಗ ಫ್ಯಾನಿನ ಗರಗರಕ್ಕೂ ಪಕ್ಕದವರ ಗುಸುಗುಸುವಿಗೂ ಮೀಸಲು. ನಾನು ಗಂಟಲು ಹರಿಯುವಂತೆ ಕೂಗಿದರೂ ಅರ್ಧ ಮಾತು ದಾರಿಯಲ್ಲೇ ಉಳಿಯುತ್ತದೆ. ನಿನ್ನೆ, ಅರ್ಥವಾಯಿತೇನಮ್ಮ ಎಂದು ಕೇಳಿದೆ. ಅವಳು ನಕ್ಕು ತಲೆಯಾಡಿಸಿದಳು. ಏನು ಅರ್ಥವಾಯಿತು ಎಂದರೆ, ಅದಕ್ಕೂ ನಕ್ಕು ತಲೆಯಾಡಿಸಿದಳು. ಪರದೆಯಲ್ಲಿ ಅವಳ ಹೆಸರಿನ ಮುಂದೆ ಹಸಿರು ಚುಕ್ಕೆ ಇತ್ತು.

ಮಾನ್ಯರೇ, ಅತ್ತೆಯನ್ನು ಮನೆಯಿಂದ ಹೊರಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಅಷ್ಟು ಧೈರ್ಯ ಯಾವ ಸೊಸೆಗಿದೆ? ಈ ಹುಡುಗಿ ಪಾಠದ ಹೊತ್ತಿನಲ್ಲಿ ಕಿಟಕಿಯ ಕಡೆ ತಿರುಗಿ ಕೂರಬಹುದು, ಇದೇ ತರಗತಿಯಲ್ಲಿ ಉಳಿಯಬಹುದು ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಅದಕ್ಕೆ ನಿಯಮ ಅಡ್ಡ ಬರುವುದಾದರೆ ತಾವೇ ಒಮ್ಮೆ ಬಂದು ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಅವಳನ್ನು ಕಿಟಕಿಯ ಕಡೆ ತಿರುಗಲು ಬಿಟ್ಟು ಹೃದಯದ ಪಾಠವನ್ನು ಇನ್ನೊಮ್ಮೆ ಮಾಡುತ್ತೇನೆ. ಆಮೇಲೆ ಅವಳನ್ನೊಂದು, ದೊಡ್ಡಪ್ಪನನ್ನೊಂದು ಪ್ರಶ್ನೆ ಕೇಳಿ. ಉತ್ತರ ಕೊಡದವರನ್ನು ಸುಧಾರಣಾ ವಿಭಾಗಕ್ಕೆ ಕರೆದುಕೊಂಡು ಹೋಗಿ. ದೊಡ್ಡಪ್ಪನ ಹೃದಯವನ್ನು ನಾನೇ ಬಿಚ್ಚಿ, ಕಟ್ಟಿ ಕೊಡುತ್ತೇನೆ. ಇನ್ನೊಂದು ಹೃದಯ ಆ ಬೆಂಚಿನ ತುದಿಯಲ್ಲೇ ಇರಲಿ.

ಇಂತಿ,
ಹಸಿರು ಪರದೆಯ ಪಕ್ಕದಲ್ಲಿ ಯಾರಿಗೂ ಕೇಳಿಸದ ಪಾಠ ಮಾಡುತ್ತಿರುವ,
ದೊಡ್ಡಪ್ಪನ ಕ್ಲಾಸ್ ಟೀಚರ್